ಹುತ್ತಕ್ಕೆ ಕೈ ಹಾಕಿದ ಸೊಸೆ

ತಪ್ಪೆಲ್ಲ ಚಿಗಳಿಯದು. ಎಳ್ಳು ಬೆಲ್ಲ ಕುಟ್ಟಿ ಉಂಡೆ ಕಟ್ಟಿದ ಜಿಡ್ಡುಗೈಯಲ್ಲೇ ಸರಳಾ ಹುತ್ತಕ್ಕೆ ಹಾಲೆರೆದಳು. ಬೆರಳಿನ ಉಂಗುರ ಹಾಲಿನ ಜೊತೆ ಜಾರಿ, ಗಂಟಲಲ್ಲಿ ತುಪ್ಪ ಇಳಿದಷ್ಟು ಸಲೀಸಾಗಿ ಹುತ್ತದೊಳಗೆ ಇಳಿಯಿತು.

ಉಂಗುರ ಅವಳದಲ್ಲ, ಅತ್ತೆ ಆವಲಮ್ಮನದು. ನಾಗರ ಪಂಚಮಿಯ ದಿನವಾದರೂ ಬೆರಳು ಬೋಳಾಗಿರಬಾರದೆಂದು, ಅತ್ತೆ ಸ್ನಾನಕ್ಕೆ ಹೋದಾಗ ಗೋಡೆಯ ಗೂಡಿನಿಂದ ತೆಗೆದು ಹಾಕಿಕೊಂಡಿದ್ದಳು. ಕೇಳಿದ್ದರೆ ಕೊಡುತ್ತಿದ್ದಳೋ ಏನೋ. ಮದುವೆಯಾಗಿ ಇಷ್ಟು ವರ್ಷವಾದರೂ ಕೇಳುವ ಧೈರ್ಯವೊಂದು ಬಂದಿರಲಿಲ್ಲ.

ಮಾವಿನ ತೋಪಿಗೆ ಪೂಜೆಗೆ ಬಂದಿದ್ದ ಹೆಂಗಸರು ಬೆಲ್ಲಕ್ಕೆ ಇರುವೆಯಂತೆ ಮುತ್ತಿದರು.

"ಅಯಸ್ಕಾಂತ ಬಿಡೇ," ಎಂದಳು ಪಕ್ಕದ ಮನೆಯ ಆದಿಲಕ್ಷ್ಮಿ.

"ಚಿನ್ನ ಅಯಸ್ಕಾಂತಕ್ಕೆ ಅಂಟುತ್ತಾ?" ಎಂದಳು ಸರಳಾ.

"ಹಂಗಾದ್ರೆ ಕಡ್ಡಿಗೆ ಮಾವಿನ ಅಂಟು ಮೆತ್ತಿ ಬಿಡು."

ಬಿಟ್ಟರು. ಕಡ್ಡಿ ಮುರಿದು ಅರ್ಧ ಒಳಗೇ ಉಳಿಯಿತು.

"ಅಮ್ಮೋ, ಕೈ ಮಾತ್ರ ಹಾಕ್ಬೇಡ!" ಎಂದಳು ಮುದುಕಿ ರಾಮಲಕ್ಷ್ಮಮ್ಮ. "ಹಿಂದೆಮುಂದೆ ನೋಡ್ದೆ ಅಪಾಯಕ್ಕೆ ಬೀಳೋನ್ನ ಹುತ್ತಕ್ಕೆ ಕೈ ಹಾಕ್ದ ಅಂತಾರಲ್ಲ, ಆ ಮಾತು ಸುಮ್ನೆ ಹುಟ್ತಾ?"

"ಮೊದಲು ಹಾಕ್ದೋನು ಯಾರಜ್ಜಿ?" ಎಂದು ಕೇಳಿದಳು ಸರಳಾ.

"ನಿಧಿ ಹುಡುಕೋಕೆ ಬಂದ ಯಾವನೋ ಆಸೆಬುರುಕ."

"ಅಲ್ಲ, ಕುಡುಕ," ಎಂದಳು ಆದಿಲಕ್ಷ್ಮಿ.

ಸರಳಾಳಿಗೆ ಹಾಗನ್ನಿಸಲಿಲ್ಲ. ಗಂಡಸಾಗಿದ್ದರೆ ಗುದ್ದಲಿ ತರುತ್ತಿದ್ದ. ಪೂಜೆ ಮಾಡಿದ ಹುತ್ತವನ್ನು ಅಗೆಯಲಾರದೆ, ಬರಿಗೈಯಲ್ಲಿ ಮನೆಗೂ ಹೋಗಲಾರದೆ ನಿಂತ ಯಾವಳೋ ಸೊಸೆಯೇ ಇರಬೇಕು. ಹುತ್ತದಲ್ಲಿ ಹಾವು ಇರಬಹುದು, ಇಲ್ಲದಿರಬಹುದು. ಮನೆಯಲ್ಲಿ ಅತ್ತೆ ಇರುವುದಂತೂ ಖಂಡಿತ.

ಅಷ್ಟರಲ್ಲಿ ತೋಪಿನ ಆಚೆ ಆವಲಮ್ಮ ಬರುತ್ತಿರುವುದು ಕಂಡಿತು. ಸರಳಾ ಕಣ್ಣು ಮುಚ್ಚಿ ಮೊಣಕೈವರೆಗೂ ಕೈ ಇಳಿಸಿದಳು. ತಣ್ಣನೆಯ ಮಣ್ಣು, ಹಾಲಿನ ಕೆಸರು. ಏನೋ ಬುಸ್ಸೆಂದಿತು. ಅದು ಬೆನ್ನ ಹಿಂದೆ ಬಗ್ಗಿದ್ದ ಆದಿಲಕ್ಷ್ಮಿಯ ಉಸಿರು. ಬೆರಳಿಗೆ ಗುಂಡನೆಯದೇನೋ ತಗುಲಿತು. ಬಾಚಿ ಹಿಡಿದು ಕೈ ಎಳೆದುಕೊಂಡಳು.

"ಏನೇ ಅದು? ಬಿಚ್ಚು ಕೈ," ಎಂದಳು ಎದುರಿಗೇ ಬಂದು ನಿಂತ ಆವಲಮ್ಮ.

ಬಿಚ್ಚಿದಳು. ಅಂಗೈಯಲ್ಲಿ ಮಣ್ಣು ಮೆತ್ತಿದ, ಕೆಂಪು ಹರಳಿನ ಹಳೆಯ ಉಂಗುರ. ಇವಳು ಬೀಳಿಸಿದ್ದು ಇದಲ್ಲವೇ ಅಲ್ಲ!

ಆವಲಮ್ಮ ಅದನ್ನು ಕಸಿದು ಕಣ್ಣ ಹತ್ತಿರ ಹಿಡಿದಳು. "ಇದು ನಮ್ಮತ್ತೇದು ಕಣೇ! ನಾನು ಹೊಸ್ದಾಗಿ ಬಂದಾಗ ಹೇಳ್ದೆ ಕೇಳ್ದೆ ಹಾಕ್ಕೊಂಡು ಬಂದು ಇಲ್ಲೇ ಬೀಳಿಸ್ದೆ. ಕೈ ಹಾಕೋ ಧೈರ್ಯ ಬರ್ಲಿಲ್ಲ. ಆಯಮ್ಮ ಸಾಯೋವರೆಗೂ ಬೈಸ್ಕೊಂಡೆ."

ಉಂಗುರವನ್ನು ಸೆರಗಿನಲ್ಲಿ ಒರೆಸಿ ಬೆರಳಿಗೆ ಏರಿಸಿಕೊಂಡಳು. "ನನ್ ಸೊಸೆ ಗಟ್ಟಿಗಿತ್ತಿ," ಎಂದು ಎಲ್ಲರೆದುರು ಸರಳಾಳ ತಲೆ ಸವರಿದಳು. ಮೊದಲ ಸಲ. ಸರಳಾಳ ಕಣ್ಣು ತುಂಬಿತು.

"ಅದ್ಸರಿ, ಗೂಡಲ್ಲಿದ್ದ ನನ್ ಉಂಗುರ ಎಲ್ಲೇ?"

ಸರಳಾ ಹುತ್ತದ ಕಡೆ ನೋಡಿದಳು. ಆವಲಮ್ಮನೂ ನೋಡಿದಳು. ಆಮೇಲೆ ತಾನೇ ಸೊಸೆಯ ಬಳೆಗಳನ್ನು ಮೊಣಕೈವರೆಗೆ ಸರಿಸುತ್ತಾ, ಎಂದೂ ಇಲ್ಲದ ಅಕ್ಕರೆಯಲ್ಲಿ ಹೇಳಿದಳು:

"ಹೆಂಗೂ ಕೈ ಕೆಸರಾಗಿದೆ. ಇನ್ನೊಂದ್ಸಲ ಹಾಕಮ್ಮಾ."