ಹತ್ತು ಪೀಪಾಯಿ ಎಲೆಕೋಸು

ನೆಲಮಾಳಿಗೆಯಿಂದ ನಾತ ಮೇಲೆ ಬಂದದ್ದು ಬೆಳಿಗ್ಗೆ ಎಂಟಕ್ಕೆ. ಎಂಟೂ ಐದಕ್ಕೆ ಯಾವೊರನ ಬಾಗಿಲಿಗೆ ಗುದ್ದು ಬಿತ್ತು.

"ಎದ್ದೇಳೋ, ಕಂಪ್ಯೂಟರ್ ಪಂಡಿತ! ನಮ್ಮ ಕೋಸೆಲ್ಲ ಕೊಳೆಸಿಬಿಟ್ಯಲ್ಲೋ!" ಕಟ್ಟಡದ ಮೇಲ್ವಿಚಾರಕಿ ತ್ಸೋನಾ ಆಂಟಿ ಕೂಗಿದರು. ಹಿಂದೆ ನಿವೃತ್ತ ಕರ್ನಲ್ ಮಾನೊಲ್ ಪೈಜಾಮದಲ್ಲೇ ನಿಂತು ಗುರುಗುಟ್ಟುತ್ತಿದ್ದರು.

ಪ್ಲೋವ್‌ದಿವ್ ಊರಿನ ಆ ಕಟ್ಟಡದಲ್ಲಿ ಹತ್ತು ಮನೆ, ನೆಲಮಾಳಿಗೆಯಲ್ಲಿ ಹತ್ತು ಪೀಪಾಯಿ. ಚಳಿಗಾಲಕ್ಕೆಂದು ಉಪ್ಪುನೀರಲ್ಲಿ ಹಾಕಿದ ಕೋಸು ಹುಳಿಯಾಗುವ ತನಕ ಮೂರು ದಿನಕ್ಕೊಮ್ಮೆ ಕೊಳವೆಯಿಂದ ಗಾಳಿ ಊದಬೇಕು. ಈ ಸಲ ಯಾವೊರ್ ಹತ್ತಕ್ಕೂ ಸೇರಿಸಿ ಒಂದು ಪಂಪು ಕೂರಿಸಿ ಪ್ರೋಗ್ರಾಮ್ ಬರೆದಿದ್ದ: ಒಂದನೇ ದಿನದಿಂದ ಇಪ್ಪತ್ತೊಂದರವರೆಗೆ, ಮೂರರ ಹೆಜ್ಜೆ. ಕರ್ನಲ್ ಬಿಡಬೇಕಲ್ಲ! "ಸೈನ್ಯದಲ್ಲಿ ಬಿಡುಗಡೆಗೆ ದಿನ ಎಣಿಸೋದು ಮೇಲಿಂದ ಕೆಳಕ್ಕೆ ಕಣೋ. ಇಪ್ಪತ್ತೊಂದರಿಂದ ಇಳಿಸು" ಎಂದು ತಲೆ ತಿಂದರು. ಯಾವೊರ್ ಹಲ್ಲು ಕಚ್ಚಿ ಒಂದನ್ನೂ ಇಪ್ಪತ್ತೊಂದನ್ನೂ ಅದಲುಬದಲು ಮಾಡಿದ. ಕೋಸು ಕೆಟ್ಟರೆ ಮುಂದಿನ ವರ್ಷ ಹತ್ತೂ ಪೀಪಾಯಿಗೆ ಅವನೇ ಬಾಯಲ್ಲಿ ಊದಬೇಕೆಂದು ತ್ಸೋನಾ ಆಂಟಿ ಹೊರಬಾಗಿಲಿಗೆ ನೋಟೀಸನ್ನೂ ಅಂಟಿಸಿದ್ದರು.

ಹತ್ತೂ ಮನೆಯವರು ಕೆಳಗಿಳಿದರು.

"ಒಂದೊಂದಾಗಿ ತೆಗೀರಿ!" ಯಾವೊರ್ ಅಬ್ಬರಿಸಿದ.

ಕರ್ನಲ್ ಪೀಪಾಯಿಯಲ್ಲಿ ಕೋಸು ಹೊಂಬಣ್ಣಕ್ಕೆ ತಿರುಗಿತ್ತು. ತ್ಸೋನಾ ಆಂಟಿಯದೂ ಹಾಗೇ. ಒಂಬತ್ತೂ ಚೊಕ್ಕ.

ಯಾವೊರನ ಸಿಟ್ಟು ನೆತ್ತಿಗೇರಿತು. "ಮೂರು ವಾರದಿಂದ ಮೆಟ್ಟಿಲ ಮೇಲೆ ಸಿಕ್ಕಾಗೆಲ್ಲ ಹಲ್ಲು ಕಿರಿದ್ರಲ್ಲ! ಈಗ ನನ್ನ ಪಂಪಿಗೆ ಕೈ ಮುಗೀರಿ! ಆ ನೋಟೀಸು ಹರೀರಿ!"

ತ್ಸೋನಾ ಆಂಟಿ ಮುಖ ಗಂಟು ಹಾಕಿಕೊಂಡೇ ನೋಟೀಸು ಕಿತ್ತು ತಂದರು. "ನಿಂದೊಂದು ತೋರಿಸು, ಹರೀತೀನಿ."

ಯಾವೊರ್ ತನ್ನ ಮುಚ್ಚಳ ಎತ್ತಿದ್ದೇ ತಡ, ಕರ್ನಲ್ ಮೂಗು ಮುಚ್ಚಿಕೊಂಡರು. ಒಳಗೆಲ್ಲ ಬರೀ ಲೋಳೆ.

ಯಾವೊರ್ ಪ್ರೋಗ್ರಾಮ್ ತೆರೆದು ನೋಡಿದ. ಇಪ್ಪತ್ತೊಂದರಿಂದ ಒಂದಕ್ಕೆ, ಹೆಜ್ಜೆ ಮೂರು. ಮೂರರ ಹಿಂದೆ ಮೈನಸ್ ಇಲ್ಲ! ಇಪ್ಪತ್ತೊಂದಕ್ಕೆ ಮೂರು ಮೂರು ಕೂಡಿಸುತ್ತ ಹೋದರೆ ಒಂದು ಸಿಗುವುದುಂಟೆ? ಶುರುವಾಗುವ ಮೊದಲೇ ಕೆಲಸ ಮುಗಿಯಿತೆಂದು ಯಂತ್ರ ತೆಪ್ಪಗೆ ಕುಳಿತಿತ್ತು. ಪಂಪು ಒಂದು ದಿನವೂ ಊದಿರಲಿಲ್ಲ.

"ಹಾಗಾದ್ರೆ ನಿಮ್ಮವೆಲ್ಲ ಹೇಗೆ..."

ಕರ್ನಲ್ ಪೈಜಾಮದ ಜೇಬಿನಿಂದ ರಬ್ಬರ್ ಕೊಳವೆಯೊಂದು ಇಣುಕುತ್ತಿತ್ತು.

"ನಿನ್ನ ಡಬ್ಬಾನ ಯಾರೋ ನಂಬ್ತಾರೆ? ಕದ್ದು ಬಂದು ನಾನೇ ಊದ್ತಿದ್ದೆ" ಎಂದರು ಕರ್ನಲ್.

"ಅಯ್ಯೋ, ನೀವೂನಾ? ನಾನೊಬ್ಬಳೇ ಅಂದ್ಕೊಂಡಿದ್ದೆ!" ಎಂದರು ತ್ಸೋನಾ ಆಂಟಿ. ಉಳಿದವರೂ ತಲೆ ತಗ್ಗಿಸಿದರು.

"ಪಾಪಿಗಳಾ! ನನ್ನದಕ್ಕೂ ಒಂದು ಸಲ ಊದೋಕೆ ಏನಾಗಿತ್ತು?" ಯಾವೊರ್ ಕಿರುಚಿದ.

"ನಿನಗೆ ಪಂಪಿತ್ತಲ್ಲಪ್ಪ" ಎಂದು ತ್ಸೋನಾ ಆಂಟಿ ನೋಟೀಸನ್ನು ಆ ಪಂಪಿಗೇ ಅಂಟಿಸಿದರು.

ಕರ್ನಲ್ ಕೊಳವೆಯನ್ನು ಒರೆಸಿ ಅವನ ಕೈಗಿಟ್ಟರು. "ಮುಂದಿನ ವರ್ಷ ದಿನಾನ ಮೇಲಿಂದ ಕೆಳಕ್ಕೆ ಎಣಿಸು ಮಗಾ. ಬೇಗ ಕಳೆಯುತ್ತೆ."