ಅತ್ತೆಯವರು ಕೂತಿದ್ದ ಲಾರಿ

ಯಾರೂ ಹೇಳಿಕೊಡದಿದ್ದರೆ ನಾನು ಯಾವ ಕೆಲಸವನ್ನಾದರೂ ಹೇಗೋ ಮಾಡಿಬಿಡುತ್ತೇನೆ. ಹೇಳಿಕೊಟ್ಟರೆ ಕೆಟ್ಟೆ. ಬ್ಲೇಡಿನ ಪೊಟ್ಟಣದ ಮೇಲಿನ ಸೂಚನೆ ಓದಿಕೊಂಡು ಗಡ್ಡ ಹೆರೆದ ದಿನವೇ ಕೆನ್ನೆ ಕುಯ್ದುಕೊಂಡ ಮಹಾನುಭಾವ ನಾನು. ಅಂಥವನಿಗೆ, ಪುಟ್ಟ ಲಾರಿಯನ್ನು ಅಪಾಯವಿಲ್ಲದೆ ಸ್ಟಾರ್ಟ್ ಮಾಡುವ ವಿದ್ಯೆ ಹೇಳಿಕೊಡಲು ನಮ್ಮ ಭಾವ ಬಂದರು.

ಭಾವ ಅಂದರೆ ನನ್ನ ಹೆಂಡತಿಯ ಅಣ್ಣ. ಮಾಗಡಿ ರಸ್ತೆಯಲ್ಲಿ ಅವರದೊಂದು ಹೆಂಚಿನ ಮಂಡಿ. ಹೆಂಚು ಸಾಗಿಸಲು ಮಿಲಿಟರಿ ಹರಾಜಿನಲ್ಲಿ ಹಿಡಿದ ಮುದಿ ಲಾರಿಯೊಂದಿತ್ತು. ಮೂತಿಗೆ ಕಬ್ಬಿಣದ ಹ್ಯಾಂಡಲ್ ಸಿಕ್ಕಿಸಿ ತಿರುಗಿಸಿದರೇ ಅದಕ್ಕೆ ಎಚ್ಚರ. ರಾಜಾಜಿನಗರದಲ್ಲಿ ಆಗ ಮನೆಗಳಿಗಿಂತ ಸೈಟುಗಳ ಗಡಿಕಲ್ಲೇ ಹೆಚ್ಚು. ಅಲ್ಲಿ ನಾವೊಂದು ಮನೆ ಕಟ್ಟಿಸಿದ್ದೆವು. ಅವತ್ತು ಆ ಲಾರಿಯಲ್ಲೇ ಸಾಮಾನು ಸಾಗಿಸಿ ಬೆಳಿಗ್ಗೆ ಒಂಬತ್ತರೊಳಗೆ ಹಾಲುಕ್ಕಿಸಬೇಕು, ತಪ್ಪಿದರೆ ಆಷಾಢ, ಶ್ರಾವಣದವರೆಗೆ ಕಾಯಬೇಕು. ಕಾಯುವುದಾದರೂ ಎಲ್ಲಿ? ನಮ್ಮ ಬಾಡಿಗೆ ಮನೆಗೆ ಬರುವವರು ಆಗಲೇ ಟ್ರಂಕುಗಳ ಸಮೇತ ಜಗಲಿಯ ಮೇಲೆ ಕೂತಿದ್ದರು.

ಲಾರಿ ಓಡಿಸುವುದು ನನಗೆ ಅಷ್ಟಿಷ್ಟು ಗೊತ್ತಿತ್ತು. ಹ್ಯಾಂಡಲ್ ಮಾತ್ರ ಯಾವಾಗಲೂ ಭಾವನೇ ಹೊಡೆಯುತ್ತಿದ್ದರು. ಈಗ ಅವರ ಬಲಗೈಗೆ ದಪ್ಪ ಪಟ್ಟಿ. ಹ್ಯಾಂಡಲ್ಲೇ ತಿರುಗಿ ಹೊಡೆದಿತ್ತು.

"ಹೆಬ್ಬೆರಳನ್ನ ಬೇರೆ ಬೆರಳುಗಳ ಕಡೇನೇ ಇಟ್ಕೊಳ್ಳಿ, ಸುತ್ತಿ ಹಿಡೀಬೇಡಿ. ಕೆಳಗಿಂದ ಮೇಲಕ್ಕೆ ಎಳೀರಿ, ಮೇಲಿಂದ ಕೆಳಕ್ಕೆ ಅದುಮಬೇಡಿ. ಗೇರು ನ್ಯೂಟ್ರಲ್‌ನಲ್ಲಿರಲಿ. ಹ್ಯಾಂಡ್‌ಬ್ರೇಕನ್ನ ನಂಬಬೇಡಿ, ಚಕ್ರಕ್ಕೆ ಕಲ್ಲು ಕೊಡಿ," ಎಂದರು.

"ನಿಮ್ಮ ಕೈ ಹೀಗಾಗಿದ್ದು ಇದ್ರಲ್ಲಿ ಯಾವುದು ತಪ್ಪಿ?"

"ನಾನು ಎಲ್ಲಾ ಸರಿಯಾಗೇ ಮಾಡಿದ್ದೆ."

ಅಲ್ಲಿಗೆ ನನ್ನ ತಲೆ ಕೆಟ್ಟು ಕೆರ ಹಿಡಿಯಿತು. ಕಲ್ಲು ಕೊಟ್ಟೆ, ಗೇರು ನೋಡಿದೆ, ಹ್ಯಾಂಡಲ್ ತರಲು ಒಳಗೆ ಹೋದೆ. ಅಷ್ಟರಲ್ಲಿ ಅತ್ತೆಯವರು ಮಡಿಯುಟ್ಟು, ದೇವರ ಪಟ, ತೆಂಗಿನಕಾಯಿ, ಹಾಲಿನ ತಂಬಿಗೆಯೊಂದಿಗೆ ಹೊರಗೆ ಬಂದಿದ್ದಾರೆ. "ಹೊಸ ಮನೆಗೆ ಹೊರಟಿರೋ ಗಾಡಿಗೆ ಕಲ್ಲು ಅಡ್ಡ ಇಡ್ತಾರೇನೇ?" ಎಂದು ಮಗಳಿಂದ ಕಲ್ಲು ತೆಗೆಸಿ, ಆ ಜಾಗದಲ್ಲಿ ನಿಂಬೆಹಣ್ಣು ಇಡಿಸಿದ್ದಾರೆ. ಹತ್ತಿ ಕೂತ ಮೇಲೆ ಗೇರಿನ ಕೋಲು ಮಡಿಸೀರೆಗೆ ತಾಗುವಂತಿತ್ತಂತೆ. ಕೈಯಲ್ಲಿ ಮುಟ್ಟುವ ಹಾಗಿಲ್ಲವಲ್ಲ, ತೆಂಗಿನಕಾಯಿಯಿಂದ ಅತ್ತ ತಳ್ಳಿದ್ದಾರೆ. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಚಕ್ರದ ಮುಂದೆ ಏನೋ ಇದ್ದದ್ದೇನೋ ಕಂಡಿತ್ತು. ನನಗೋ ಆಗ ಹೆಬ್ಬೆರಳಿನದೇ ಚಿಂತೆ.

ಎಳೆದೆ. ಎಂಜಿನ್ ಒಂದೇ ಸಲಕ್ಕೆ ಗುಡುಗಿತು. ನನಗೆ ಸಂತೋಷವಾಗುವಷ್ಟರಲ್ಲಿ ಲಾರಿ ನನ್ನ ಮೇಲೇ ಬರತೊಡಗಿತು. ಪಕ್ಕದ ಚರಂಡಿಗೆ ಹಾರಿದೆ. ಅತ್ತೆಯವರು ತಂಬಿಗೆ ಹಿಡಿದು, ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುತ್ತ ನನ್ನೆದುರಿಗೇ ಒಬ್ಬರೇ ಹೊರಟುಹೋದರು. ನಾಲ್ಕು ಮನೆ ಆಚೆ ಇದ್ದ ಮರಳಿನ ಗುಡ್ಡೆ ಹತ್ತಿ ಲಾರಿ ನಿಂತಿತು. ಓಡಿದೆ.

"ಅತ್ತೆ, ಪೆಟ್ಟಾಯ್ತಾ?"

ಅವರು ಕಣ್ಣು ಬಿಟ್ಟು, ಪಕ್ಕದ ಖಾಲಿ ಸೀಟು ನೋಡಿ, ಚರಂಡಿಯ ಕೆಸರು ಮೆತ್ತಿಕೊಂಡ ನನ್ನನ್ನು ನೋಡಿದರು. "ಇದೇನು ಅಳಿಯಂದ್ರೇ, ಅರ್ಧ ದಾರೀಲಿ ಇಳಿದುಬಿಟ್ರಿ?"

ಭಾವ ಗೇರನ್ನು ನ್ಯೂಟ್ರಲ್‌ಗೆ ತಂದರು, ಜಗಲಿಯ ಮೇಲಿದ್ದವರೆಲ್ಲ ಬಂದು ಲಾರಿಯನ್ನು ಹಿಂದಕ್ಕೆ ತಳ್ಳಿಕೊಟ್ಟರು. ನಮ್ಮನ್ನು ಸಾಗಹಾಕುವ ಆತುರ ನಮಗಿಂತ ಅವರಿಗೆ. ಭಾವ ಬಾಗಿಲಲ್ಲಿ ನಿಂತು ಒಳಗೆ ಕಾಲು ತೂರಿಸಿ ಬ್ರೇಕು ಅದುಮಿದರು, ನಾನು ಮತ್ತೆ ಎಳೆದೆ. ಹೆಬ್ಬೆರಳು ಎಲ್ಲಿತ್ತೋ ದೇವರೇ ಬಲ್ಲ. ಒಂಬತ್ತಕ್ಕೆ ಇನ್ನೇನು ಎರಡು ನಿಮಿಷ ಅನ್ನುವಾಗ ಹಾಲುಕ್ಕಿತು.

ಊಟಕ್ಕೆ ಬಂದ ನೆಂಟರೆಲ್ಲ ಲಾರಿ ಓಡಿಸಿದ್ದು ಯಾರು ಎಂದು ವಿಚಾರಿಸಿದರು. ನಾನು ಎಲೆಯ ಮುಂದೆ ನೆಟ್ಟಗೆ ಕೂತೆ. ಅತ್ತೆಯವರು ತುಪ್ಪ ಬಡಿಸುತ್ತ ಹೇಳಿದರು: "ನಮ್ಮ ಅಳಿಯಂದ್ರೇ. ಗಾಡಿ ಚೆನ್ನಾಗೇ ಓಡಿಸ್ತಾರೆ, ಆದ್ರೆ ಜೊತೇಲಿ ಬರಲ್ಲ."