ಹದಿನೇಳನೇ ನಂಬರಿನ ಲಂಗೋಟಿ

ಮಗುವಿಗೆ ಲಂಗೋಟಿ ಕಟ್ಟುವುದರಲ್ಲಿ ಸೋಲುವ ಗಂಡಸು ಇರಬಹುದೆಂದು ನಾನು ಎಂದೂ ನಂಬಿರಲಿಲ್ಲ. ಒಂದು ಚೌಕ ಬಟ್ಟೆ, ಎರಡು ಮಡಿಕೆ, ಒಂದು ಗಂಟು. ಸರ್ಕಾರಿ ಕಚೇರಿಯ ಉಗ್ರಾಣದಲ್ಲಿ ಹನ್ನೊಂದು ವರ್ಷ ಸಾಮಾನು ಎಣಿಸಿ, ಕಟ್ಟು ಕಟ್ಟಿ, ಮೊಹರು ಒತ್ತಿದವನಿಗೆ ಇದೇನು ಮಹಾ ಕೆಲಸ!

ಎಂಬತ್ತರ ದಶಕದ ಶುರುವಿನ ಮಾತು. ನನ್ನ ಹೆಂಡತಿ ಗಿರಿಜ ಬಾಣಂತನ ಮುಗಿಸಿಕೊಂಡು, ಮೂರು ತಿಂಗಳ ಮಗಳನ್ನೆತ್ತಿಕೊಂಡು, ಕುಣಿಗಲ್ಲಿನ ತವರಿನಿಂದ ತುಮಕೂರಿಗೆ ಬಂದಳು. ಉಪ್ಪಾರಹಳ್ಳಿಯ ನಮ್ಮ ಬಾಡಿಗೆ ಮನೆಯಲ್ಲಿ ಅವರ ಸ್ವಾಗತಕ್ಕೆಂದು ಅರ್ಧ ಡಜನ್ ಹೊಸ ಲಂಗೋಟಿ ತಂದಿಟ್ಟಿದ್ದೆ. ಗುಲಾಬಿ ಬಣ್ಣ, ಅಂಚಿಗೆಲ್ಲ ಲೇಸು. ಗಿರಿಜ ಒಂದನ್ನು ಕೆನ್ನೆಗೆ ಉಜ್ಜಿ ನೋಡಿದಳು.

"ರೀ, ಇದನ್ನ ಒಂದಿನ ನೀವು ಕಟ್ಕೊಂಡು ಆಫೀಸಿಗೆ ಹೋಗ್ಬನ್ನಿ. ಆಮೇಲೆ ಮಗೂಗೆ ಕಟ್ಟೋಣ."

ಅಲ್ಲಿಗೆ ನನ್ನ ಆಯ್ಕೆ ಅಟ್ಟ ಸೇರಿತು. ಅವಳು ತಂದಿದ್ದ ಗಂಟು ಬಿಚ್ಚಿದಳು. ಮಾವನವರ ಹಳೇ ಪಂಚೆಗಳನ್ನು ಹರಿದು ಅತ್ತೆ ಮಾಡಿಕೊಟ್ಟ ಇಪ್ಪತ್ತನಾಲ್ಕು ಲಂಗೋಟಿ! ಎಳೆ ಮಗುವಿನ ಮೈಗೆ ಮನೆಯ ಹಿರಿಯರು ಉಟ್ಟು, ಒಗೆದು, ಸವೆಸಿದ ಬಟ್ಟೆಯೇ ಆಗಬೇಕಂತೆ. ಮೆತ್ತಗೂ ಇರುತ್ತದೆ, ಹಿರಿಯರ ಆಯಸ್ಸೂ ಮಗುವಿಗೆ ಬರುತ್ತದಂತೆ. ಮದುವೆಯಲ್ಲಿ ಒಂದು ವಾಚು ಕೊಡುವುದಕ್ಕೆ ಆರು ತಿಂಗಳು ಯೋಚಿಸಿದ್ದ ಮಾವ ಇಷ್ಟು ಧಾರಾಳಿಯಾದದ್ದು ಹೇಗೆ ಎಂದು ನನಗೆ ಆಗಲೇ ಅನುಮಾನ ಬಂತು.

ಅನುಮಾನ ನನ್ನ ಹುಟ್ಟುಗುಣ. ಸೈಕಲ್ಲಿಗೆ ಬೀಗ ಹಾಕಿ ಹತ್ತು ಹೆಜ್ಜೆ ಹೋದವನು ಮತ್ತೆ ಬಂದು ಬೀಗ ಎಳೆದು ನೋಡುತ್ತೇನೆ. ಹಾಗಾಗಿ ಎರಡು ವಾರವಾದ ಮೇಲೆ ಗಿರಿಜ "ಯಾಕೋ ಲಂಗೋಟಿ ಸಾಲ್ತಿಲ್ಲ ಕಣ್ರೀ" ಅಂದ ಕೂಡಲೇ ನನ್ನ ಕಿವಿ ನೆಟ್ಟಗಾಯಿತು. ಹಗ್ಗದ ಮೇಲಿದ್ದದ್ದು, ಟ್ರಂಕಿನ ಮೇಲೆ ಮಡಿಸಿಟ್ಟಿದ್ದದ್ದು, ಮಗುವಿನ ಮೈಮೇಲಿದ್ದದ್ದು, ಎಲ್ಲ ಎಣಿಸಿದೆ. ಹದಿನೇಳು! ಏಳು ಲಂಗೋಟಿ ನಾಪತ್ತೆ!

"ಗಾಳಿಗೆ ಹಾರಿರ್ಬೇಕು ಬಿಡಿ," ಅಂದಳು ಗಿರಿಜ.

"ಗಾಳಿಗೆ ಹಾರೋದಾದ್ರೆ ನನ್ನ ಬನೀನು ಯಾಕೆ ಹಾರಲಿಲ್ಲ?"

"ನಿಮ್ ಬನೀನು ನೋಡಿ ಗಾಳೀನೇ ದೂರ ಹೋಗತ್ತೆ."

ನಾನು ನಗಲಿಲ್ಲ. ತನಿಖೆಯಲ್ಲಿರುವವನು ನಗಬಾರದು. ನಮ್ಮ ಮನೆಯೊಳಕ್ಕೆ ದಿನವೂ ಬಂದು ಹೋಗುತ್ತಿದ್ದ ಹೊರಗಿನವರು ಒಬ್ಬರೇ. ಮಗುವಿಗೆ ನೀರು ಹಾಕುವ ಸಿದ್ದಮ್ಮಜ್ಜಿ. ಹಿಂದಿನ ಬೀದಿಯಿಂದ ಬೆಳಗ್ಗೆ ಬಂದು, ಬಚ್ಚಲಲ್ಲಿ ಕಾಲು ನೀಡಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು, ಎಣ್ಣೆ ತಿಕ್ಕಿ ಬಿಸಿನೀರು ಹಾಕಿ, ಸಾಂಬ್ರಾಣಿ ಹೊಗೆ ತೋರಿಸಿ ಮಲಗಿಸಿದರೆ ನನ್ನ ಮಗಳು ಮಧ್ಯಾಹ್ನದವರೆಗೆ ಮಿಸುಕುತ್ತಿರಲಿಲ್ಲ. ಅಜ್ಜಿಯ ಕಂಕುಳಲ್ಲಿ ಯಾವಾಗಲೂ ಒಂದು ಕೈಚೀಲ. ಗೂಳೂರಿನಲ್ಲಿರುವ ಅವರ ಮಗಳಿಗೂ ಎಳೆ ಮಗು ಇದೆಯೆಂದು ತಿಳಿದ ದಿನ ನನ್ನ ಮನಸ್ಸಿನಲ್ಲಿ ಕೇಸು ಇತ್ಯರ್ಥವಾಯಿತು.

ಆದರೆ ಸಾಕ್ಷಿ ಬೇಕಲ್ಲ? ಶನಿವಾರ ಕಚೇರಿಯಿಂದ ರಬ್ಬರ್ ಮೊಹರನ್ನೂ ನೇರಳೆ ಮಸಿಯ ಪ್ಯಾಡನ್ನೂ ಚೀಲದಲ್ಲಿಟ್ಟುಕೊಂಡು ಬಂದೆ. ಭಾನುವಾರ ಸಂಜೆ, ಒಗೆದು ಒಣಗಿದ ಲಂಗೋಟಿಗಳ ಮೂಲೆಯಲ್ಲಿ ಮಸಿಗೆ ಅದ್ದಿದ ಬೆಂಕಿಕಡ್ಡಿಯಿಂದ ನಂಬರು ಬರೆದೆ. ಲಂ. ೧, ಲಂ. ೨, ಹೀಗೆ ಲಂ. ೧೭ರವರೆಗೆ. ಪ್ರತಿಯೊಂದರ ಪಕ್ಕಕ್ಕೂ ಉಗ್ರಾಣದ ಮೊಹರು: ಪರಿಶೀಲಿಸಲಾಗಿದೆ. ನಂತರ ಎಲ್ಲವನ್ನೂ ಟ್ರಂಕಿನ ಮೇಲೆ ಒಂದರ ಮೇಲೊಂದು ಒಪ್ಪವಾಗಿ ಜೋಡಿಸಿದೆ. ಇನ್ನು ಕಳ್ಳರು ಬರಲಿ ನೋಡೋಣ!

ಸೋಮವಾರ ಬೆಳಗ್ಗೆ ಬಚ್ಚಲಿನಿಂದ ಸಿದ್ದಮ್ಮಜ್ಜಿಯ ಕೂಗು ಕೇಳಿಸಿತು.

"ಅಯ್ಯಯ್ಯೋ, ಗಿರ್ಜವ್ವಾ! ಓಡ್ಬಾರವ್ವಾ! ಮೊಗೀನ್ ಕುಂಡೆ ನೇರಳೆ ಹಣ್ಣಾಗೈತೆ!"

ಓಡಿದೆವು. ಮಗಳ ಹಿಂಭಾಗವೆಲ್ಲ ನೇರಳೆ! ನಾನು ಒತ್ತಿದ ಮೊಹರು ನನಗೇ ಆ ಗಳಿಗೆಯಲ್ಲಿ ಹೊಳೆಯಲಿಲ್ಲ. ಗಿರಿಜ ಅಳುತ್ತಾ, ಅಜ್ಜಿ ಮನೆದೇವರಿಗೆ ಹರಕೆ ಹೊರುತ್ತಾ, ನಾನು ಒಂದು ಕಾಲಿಗೆ ಮಾತ್ರ ಚಪ್ಪಲಿ ಹಾಕಿಕೊಂಡು, ಎಲ್ಲರೂ ಡಾಕ್ಟರ ಮನೆಗೆ ಓಡಿದೆವು. ಡಾಕ್ಟರು ಕನ್ನಡಕ ಏರಿಸಿ ಬಗ್ಗಿ ನೋಡಿದರು. ಹತ್ತಿಯಲ್ಲಿ ಒರೆಸಿದರು. ಮತ್ತೆ ಬಗ್ಗಿದರು. ಕೊನೆಗೆ ಗೋಡೆಯ ಮೇಲಿದ್ದ ಕನ್ನಡಿ ತೆಗೆದು ಹಿಡಿದು ಓದಿದರು.

"ಪರಿಶೀಲಿಸಲಾಗಿದೆ ಅಂತ ಇದೆಯಲ್ರೀ! ಯಾರು ಪರಿಶೀಲಿಸಿದ್ದು?"

ಪರಿಶೀಲಿಸಿದವನು ನೆಲ ನೋಡುತ್ತ ನಿಂತಿದ್ದೆ. ಒಗೆಯುವಾಗ ಅದಲುಬದಲಾಗಬಾರದೆಂದು ಗುರುತು ಹಾಕಿದೆ ಎಂದು ಏನೋ ತೊದಲಿದೆ. ಮನೆಗೆ ಬಂದವನೇ ಕಚೇರಿಗೆ ತಡವಾಯಿತೆಂದು ಬುತ್ತಿ ಡಬ್ಬಿಯನ್ನು ಕೈಗೆ ಸಿಕ್ಕ ಬಟ್ಟೆಯಲ್ಲಿ ಬಿಗಿದು ಸೈಕಲ್ ಹತ್ತಿದೆ.

ಸಂಜೆ ಬಂದು ಎಣಿಸಿದರೆ ಹದಿನಾರು! ಮೊಹರು ಒತ್ತಿ ಒಂದು ದಿನ ತುಂಬಿಲ್ಲ, ಹದಿನೇಳನೇ ನಂಬರು ಮಾಯ! ಆ ದಿನ ಮನೆಗೆ ಬಂದವರು ಅಜ್ಜಿ ಒಬ್ಬರೇ.

ಮರುದಿನ ಬೆಳಗ್ಗೆ ಗಿರಿಜ ಒಲೆಯ ಮುಂದಿದ್ದಾಗ ಬಚ್ಚಲ ಬಾಗಿಲಲ್ಲಿ ನಿಂತು ಗಂಟಲು ಸರಿಪಡಿಸಿಕೊಂಡೆ.

"ಅಜ್ಜಿ, ಲಂಗೋಟಿ ಎಣಿಸಿದ್ರೆ ಒಂದು ಕಮ್ಮಿ ಬರ್ತಿದೆ. ನಿಮ್ಮ ಕೈಚೀಲ ಒಂದ್ಸಲ ನೋಡ್ಬೋದಾ?"

ಅಜ್ಜಿ ನನ್ನ ಮುಖವನ್ನೇ ನೋಡಿದರು. ಆಮೇಲೆ ಚೀಲವನ್ನು ಬೋರಲು ಮಾಡಿ ಸುರಿದರು. ಎಲೆ, ಅಡಿಕೆ, ಸುಣ್ಣದ ಡಬ್ಬಿ, ಎಣ್ಣೆ ಸೀಸೆ. ಜೊತೆಗೆ ನಮ್ಮ ಮಗುವಿಗೆಂದೇ ತಂದಿದ್ದ ಸಾಂಬ್ರಾಣಿಯ ಪೊಟ್ಟಣ.

"ಮೂವತ್ ವರ್ಸದಿಂದ ನೀರ್ ಹಾಕ್ತಾ ಇವ್ನಿ ಕಣಪ್ಪ. ಜನ ಮೊಗೀನೇ ನನ್ ಕೈಗ್ ಕೊಟ್ಬುಟ್ಟು ಒಳೀಕ್ ಹೋಗೋರು. ಯಾರೂ ಲಂಗೋಟಿ ಎಣ್ಸಿರ್ಲಿಲ್ಲ."

ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡು ಹೊರಟೇಹೋದರು. ನನಗೆ ನಾಚಿಕೆಯಾಯಿತು, ನಿಜ. ಆದರೂ ಸೊಂಟದಲ್ಲಿ ಸಿಕ್ಕಿಸಿಕೊಂಡಿರಬಹುದಲ್ಲ ಎಂದು ಒಂದು ಮನಸ್ಸು ಹೇಳುತ್ತಲೇ ಇತ್ತು!

ಆಮೇಲಿನ ಮೂರು ದಿನಗಳನ್ನು ನೆನೆದರೆ ಈಗಲೂ ಮೈ ಬೆವರುತ್ತದೆ. ಗಿರಿಜ ನೀರು ಹಾಕಿದರೆ ಮಗು ಕಿರುಚುತ್ತಿತ್ತು. ನಾನು ಹಾಕಿದರೆ ಇಬ್ಬರೂ ಕಿರುಚುತ್ತಿದ್ದರು. ನಾನು ಕಟ್ಟಿದ ಲಂಗೋಟಿ ಒಮ್ಮೆ ಮೊಣಕಾಲಿಗೆ ಇಳಿದಿರುತ್ತಿತ್ತು, ಒಮ್ಮೆ ಕಂಕುಳಿಗೆ ಏರಿರುತ್ತಿತ್ತು. ಮಗು ನಿದ್ದೆ ಮಾಡಲಿಲ್ಲ. ನನಗೆ ಬುತ್ತಿಯೂ ಸಿಗಲಿಲ್ಲ.

"ಅಜ್ಜೀನ ಕರ್ಕೊಂಡ್ ಬರೋವರ್ಗೂ ಡಬ್ಬಿ ಇಲ್ಲ," ಅಂದಳು ಗಿರಿಜ. "ನಿಮ್ಮ ಮೊಹರನ್ನೇ ತಿನ್ನಿ."

ಶುಕ್ರವಾರ ಮಧ್ಯಾಹ್ನ ಕಚೇರಿಯಲ್ಲಿ ಬಸವರಾಜು ತಮ್ಮ ಬುತ್ತಿಯಲ್ಲಿ ನನಗೂ ಪಾಲು ಕೊಟ್ಟರು. ಗುಬ್ಬಿಯಿಂದ ದಿನವೂ ರೈಲಿನಲ್ಲಿ ಬರುವ ಅವರು ನನ್ನ ಪಕ್ಕದ ಮೇಜಿನವರು. ಊಟ ಮಾಡುತ್ತಾ ಸಾರು ಚೆಲ್ಲಿಕೊಂಡರು.

"ನಿಮ್ಮ ಡ್ರಾಯರ್‌ನಲ್ಲಿ ಮೆತ್ತನೆ ಬಟ್ಟೆ ಇರ್ತವಲ್ಲ ಸಾರ್, ಒಂದು ತಗೋತೀನಿ," ಎಂದು ಕೆಳಗಿನ ಡ್ರಾಯರ್ ಎಳೆದರು. ಒಂದು ತೆಗೆದು ಕೈ ಒರೆಸಿಕೊಂಡರು. ಮೀಸೆ ಒರೆಸಿಕೊಂಡರು. ಬಾಯಿ ಒರೆಸಿಕೊಳ್ಳುತ್ತಿದ್ದವರು ಹಾಗೇ ನಿಂತು ಮೂಲೆಯನ್ನು ಬಿಡಿಸಿ ಓದಿದರು.

"ಇದ್ರಲ್ಲಿ ನಮ್ಮ ಉಗ್ರಾಣದ ಮೊಹರಿದೆ! ಲಂ. ಹದಿನೇಳು ಅಂದ್ರೇನ್ ಸಾರ್?"

ಕೈಯಲ್ಲಿದ್ದ ಮುದ್ದೆಯ ತುತ್ತನ್ನು ಕೆಳಗಿಟ್ಟೆ. ಡ್ರಾಯರಿನಲ್ಲಿ ಕೈಯಾಡಿಸಿದೆ. ಇನ್ನೂ ಏಳು ಇದ್ದವು! ತಡವಾದ ದಿನಗಳಲ್ಲೆಲ್ಲ ಗಡಿಬಿಡಿಯಲ್ಲಿ ಟ್ರಂಕಿನ ಮೇಲಿನ ಬಟ್ಟೆ ಎಳೆದು ಡಬ್ಬಿ ಕಟ್ಟಿಕೊಂಡು ಬಂದವನು ನಾನೇ. ಊಟವಾದ ಮೇಲೆ ಅದರಲ್ಲೇ ಬಾಯಿ ಒರೆಸಿ, ಡ್ರಾಯರಿಗೆ ತುರುಕಿ, ಬರೀ ಡಬ್ಬಿ ಹಿಡಿದು ಮನೆಗೆ ಹೋದವನೂ ನಾನೇ. ಸಂಜೆ ಕೂತು ಕಳ್ಳರನ್ನು ಹುಡುಕಿದವನೂ ನಾನೇ!

"ಸೋಪು ಹಾಕಿ ಒಗೆದದ್ದೇ ಬಸವರಾಜು," ಅಂದೆ. ವಿಷಯ ತಿಳಿದ ಮೇಲೆ ಅವರು ನಲ್ಲಿಯ ಹತ್ತಿರ ಬಹಳ ಹೊತ್ತು ನಿಂತಿದ್ದರು.

ಅಂದು ಸಂಜೆ ಎಂಟು ಲಂಗೋಟಿಗಳನ್ನೂ ಹಿಡಿದುಕೊಂಡು ಸಿದ್ದಮ್ಮಜ್ಜಿಯ ಮನೆ ಬಾಗಿಲಿಗೆ ಹೋದೆ. "ತಪ್ಪಾಯ್ತು ಅಜ್ಜಿ" ಎಂದು ಎಲ್ಲವನ್ನೂ ಒಪ್ಪಿಕೊಂಡೆ. ಅಜ್ಜಿ ಮುಖ ಬಿಗಿದುಕೊಂಡೇ ಕೇಳಿಸಿಕೊಂಡರು.

"ಅಂಗಾರೆ ಎಂಟು ದಿನ ಇದ್ರಾಗೇ ಬಾಯ್ ಒರಸ್ಕಂಡಿದೀಯಾ?"

"ಹೂಂ ಅಜ್ಜಿ."

ಅಜ್ಜಿ ಬಾಯಲ್ಲಿದ್ದ ಎಲೆಅಡಿಕೆ ಹೊರಬರುವಂತೆ ನಕ್ಕರು. ಸೆರಗಿನಿಂದ ಕಣ್ಣೊರೆಸಿಕೊಂಡು, "ಓಗು, ನಾಳೀಕ್ ನೀರ್ ಕಾಯ್ಸಿ ಮಡಗು," ಅಂದರು.

ಮರುದಿನ ಮಗಳು ಮಧ್ಯಾಹ್ನದವರೆಗೆ ಮಲಗಿದಳು. ಅಜ್ಜಿ ಹೊರಡುವಾಗ ನನ್ನ ಮುಂದೆ ಬಂದು ಕೈಚೀಲ ಅಗಲಿಸಿ, "ನೋಡ್ಕಳಪ್ಪ," ಅಂದರು. ಮಗುವಿಗೆ ವರ್ಷ ತುಂಬುವವರೆಗೂ ದಿನಾ ತೋರಿಸಿದರು, ನಾನು ದಿನಾ ತಲೆ ತಗ್ಗಿಸಿದೆ.

ಬುತ್ತಿ ಮತ್ತೆ ಶುರುವಾಯಿತು. ಡಬ್ಬಿ ಕಟ್ಟಲು ಗಿರಿಜ ಬೇರೆ ಬಟ್ಟೆ ಕೊಟ್ಟಳು. ನಾನು ತಂದಿದ್ದ ಆ ಗುಲಾಬಿ ಬಣ್ಣದ, ಲೇಸಿನ ಹೊಸ ಲಂಗೋಟಿ! ಒಗೆದರೂ ಅಳಿಸದಂತೆ ಅದರ ಮೂಲೆಯಲ್ಲಿ ಕೆಂಪು ದಾರದಲ್ಲಿ ಅವಳೇ ಹೊಲಿದಿದ್ದಳು: ಅಪ್ಪನದು.